ಹದಿನಾರು ಬಿಲ್ಲೆ

ಮೊದಲು ಬದನೆಕಾಯಿ.
ಈರನಗೆರೆಯದೇ ಆಗಬೇಕೆಂದೇನೂ ಇರಲಿಲ್ಲ,
ದೇವರಾಜ ಮಾರುಕಟ್ಟೆಯಲ್ಲಿ ಅವತ್ತು ಅದೇ ಸಿಕ್ಕಿತು,
ದುಂಡಗೆ, ಹಸಿರಾಗಿ.
ರಸೀದಿಯಲ್ಲಿ ‘ಪ್ರಯೋಗ ಸಾಮಗ್ರಿ’ ಅಂತ ಬರೆದೆ.

ಉಪ್ಪುನೀರಿನ ಟಬ್ಬು. ತೇಲದ ಹಾಗೆ
ಬಿದಿರುಕಡ್ಡಿ ಚುಚ್ಚಿ ಅದುಮಿಟ್ಟೆ.
ಟಬ್ಬಿನ ಸುತ್ತ ಹದಿನಾರು ಸ್ಟೀಲಿನ ಬಿಲ್ಲೆ.
ಎರಡರ ನಡುವೆ ಇರುವೆಗೂ ತಿಳಿಯದಷ್ಟು ಕರೆಂಟು,
ಮಿಕ್ಕವುಗಳ ಬಳಿ ಹೋಗಿ
ನಿನಗೇನು ಕೇಳಿಸಿತು, ನಿನಗೇನು ಕೇಳಿಸಿತು.
ಒಂದು ಸುತ್ತಿಗೆ ಇನ್ನೂರ ಎಂಟು ಅಂಕಿ.
ಇಷ್ಟೆಲ್ಲ ಆಗಿ ಪರದೆಗೆ ಬಂದದ್ದು
ಒದ್ದೆಗೋಡೆಯ ಕಲೆಯಂಥದೊಂದು.
ಬದನೆಕಾಯಿಯೇ ಇರಬೇಕು, ಇಟ್ಟವಳು ನಾನೇ ತಾನೆ.
ಇಡದವರಿಗೆ ಅದು ಮುಷ್ಟಿ, ಅಥವಾ ಕಪ್ಪೆ.

ವನಮಾಲಾ ಮೇಡಂ ಹೇಳುವುದು:
ಇದೇ ಅಂಕಿಗಳಿಗೆ ಸಾವಿರ ಒಳಗುಗಳು ಹೊಂದುತ್ತವೆ ಕಣೆ.
ಹೆಪ್ಪಿಗೆ ಹಾಕುವಷ್ಟು ಊಹೆ ಬೆರೆಸು,
ಇಲ್ಲದಿದ್ದರೆ ಚಿತ್ರ ಕೂರುವುದಿಲ್ಲ.
ಹೆಚ್ಚಾಯಿತೋ, ಹುಳಿ.
ಆಮೇಲೆ ಕಾಣುವುದು ನಿನ್ನ ಊಹೆಯೇ.

ಎರಡನೆಯವರು ಸವರಿಯಪ್ಪ.
ಲಷ್ಕರ್ ಮೊಹಲ್ಲಾದ ಬ್ಯಾಂಡ್ ಸೆಟ್ಟಿನಲ್ಲಿ
ನಲವತ್ತೊಂದು ವರ್ಷ ಟ್ರಂಪೆಟ್ಟು;
ದಿಬ್ಬಣಕ್ಕೂ ಅದೇ, ಮಣ್ಣಿಗೂ ಅದೇ.
ನಮ್ಮ ಲಿಫ್ಟು ಕೆಟ್ಟಿತ್ತು. ಎರಡನೇ ಮಹಡಿ ಹತ್ತಿದವರಿಗೆ
ಹೆಸರು ಹೇಳಲು ಐದು ನಿಮಿಷ ಬೇಕಾಯಿತು.
ಅಂಗಿ ಬಿಚ್ಚಿ, ಶಿಲುಬೆಯ ಸರ ತೆಗೆದು
ಕನ್ನಡಕದ ಡಬ್ಬಿಯೊಳಗೆ ಮಲಗಿಸಿ,
“ಏನವ್ವಾ, ಹೊಡೀತದಾ?”
ಇಲ್ಲ, ಗೊತ್ತೇ ಆಗಲ್ಲ.
“ನಮ್ಮನೆ ಮಿಕ್ಸಿನೇ ಹೊಡೀತದೆ.”

ಎದೆಯ ಸುತ್ತ ಬೆಲ್ಟು.
ಎಡಗಡೆಯ ಮೂರನೇ ಬಿಲ್ಲೆ ಅಂಟಲೊಲ್ಲದು,
ಪಕ್ಕೆಲುಬಿನ ನಡುವೆ ಅಷ್ಟು ಹಳ್ಳ.
ಜೆಲ್ಲು ಮೆತ್ತಿದೆ.
ಉಸಿರು ಎಳೆದುಕೊಳ್ಳಿ.
ಗಾಳಿ ಕರೆಂಟಿಗೆ ದಾರಿ ಬಿಡುವುದಿಲ್ಲ,
ಅದಕ್ಕೇ ತುಂಬಿದ ಕಡೆ ನೀಲಿ ಏರುತ್ತದೆ.
ಬಲಗಡೆ ಏರಿತು, ಎಣ್ಣೆಯಲ್ಲಿ ಪೂರಿ ಉಬ್ಬಿದ ಹಾಗೆ.
ಎಡದ ಕೆಳಗೆ ಏರಲಿಲ್ಲ.
ಇನ್ನೊಮ್ಮೆ.
ಇಲ್ಲ.

“ಅಲ್ಲಿ ಏನೂ ಇಲ್ವಾ?”
ಪರದೆಯತ್ತ ಕತ್ತು ಹೊರಳಿಸಿ ಕೇಳಿದರು.
ಇದೆ ಅಂದೆ. ಇದು ಇರುವುದನ್ನು ತೋರಿಸುವುದಿಲ್ಲ,
ಆಗಿಗೂ ಈಗಿಗೂ ಏನು ಬದಲಾಯಿತೋ ಅದನ್ನಷ್ಟೇ.
ಅಲುಗದ್ದು ಇದರ ಪಾಲಿಗೆ ಇಲ್ಲ.

ಕೊಂಚ ಹೊತ್ತು ಮಾತಿಲ್ಲ.
“ನಮ್ಮ ಸೆಟ್ಟಿನಲ್ಲಿ ಚಿನ್ನಪ್ಪ ಅಂತ, ದೊಡ್ಡ ಡ್ರಮ್ಮು.
ಇಡೀ ರಾತ್ರಿ ಒಂದೇ ಏಟು, ಒಂದೇ ಏಟು.
ಅವನು ಬರದ ದಿನವೇ ಗೊತ್ತಾಗಿದ್ದು,
ಅವನು ಇದ್ದ ಅಂತ.”

ಆಮೇಲೆ ಕೇಳದೆಯೇ ತುಟಿ ಬಿಗಿದರು.
ಕೈಯಲ್ಲಿ ಏನೂ ಇಲ್ಲ; ಮೂರು ಬೆರಳು
ತೊಡೆಯ ಮೇಲೆ ಎದ್ದು ಕೂತು ಎದ್ದು.
ಪರದೆಯಲ್ಲಿ ಬಲಗಡೆಯ ನೀಲಿ
ಮೆಟ್ಟಿಲು ಮೆಟ್ಟಿಲಾಗಿ ಇಳಿಯತೊಡಗಿತು,
ನಿಂತು, ಎರಡು ಮೆಟ್ಟಿಲು, ನಿಂತು.
ಸದ್ದಿಲ್ಲದ ಹಾಡಿಗೆ ಸೆಕೆಂಡಿಗೆ ಹತ್ತು ಚಿತ್ರ.
ನಿಲ್ಲಿಸುವ ಗುಂಡಿ ಮರೆತೆ.
ಯಾವುದದು?
“ಹೆಣ ಎತ್ತುವಾಗಿಂದು.
ಅದಕ್ಕೆ ಉಸಿರು ಕಮ್ಮಿ ಸಾಕು.”

ಸಹಜ ಉಸಿರಾಟ ಮಾತ್ರ ಲೆಕ್ಕಕ್ಕೆ, ಮಿಕ್ಕದ್ದನ್ನು ಅಳಿಸು
ಅಂದರು ಮೇಡಂ. ಹೂಂ ಅಂದೆ.
ಕಡತದ ಹೆಸರು ಬದಲಿಸಿ ಇನ್ನೆಲ್ಲೋ ಇಟ್ಟಿದ್ದೇನೆ.

ಬೆಲ್ಟು ಬಿಚ್ಚಿದಾಗ ಎದೆಯ ಸುತ್ತ
ಹದಿನಾರು ಕೆಂಪು ಉಂಗುರ.
ಬಟ್ಟೆಯಲ್ಲಿ ಒರೆಸಿಕೊಂಡು, ಸರ ಹಾಕಿಕೊಂಡು,
ಇಳಿಯೋದಕ್ಕೇನು ಕಷ್ಟವಿಲ್ಲ ಅಂದರು.
ಕೇಳಿಸಿಕೊಳ್ಳುತ್ತ ಬಾಗಿಲಲ್ಲಿ ನಿಂತೆ.
ಚಪ್ಪಲಿಯ ಸದ್ದು ನಡುವೆ ಎರಡು ಸಲ ಇರಲಿಲ್ಲ.

ಒಳಗೆ ಬಂದರೆ ಬದನೆಕಾಯಿ ಇನ್ನೂ ನೀರಿನಲ್ಲೇ.
ಟಬ್ಬಿಗೆ ವೈರು ಸಿಕ್ಕಿಸಿ ಹೊಸದಾಗಿ ಶುರು ಮಾಡಿದೆ.
ಪರದೆ ಬರಿದು.
ಕಡ್ಡಿ ಹಿಡಿದು ಒಂದಿಷ್ಟು ಪಕ್ಕಕ್ಕೆ ತಳ್ಳಿದೆ.
ಬಂತು.