ಕೆಳಗಿನ ತರಗತಿ

ಗೋಮಾ ಊರು, ಮೊದಲ ಪಾಠ. ಕಪ್ಪು ಹಲಗೆಯ ಮೇಲೆ
ನ್ಯಿರಾಗೊಂಗೊ ಬೆಟ್ಟ ಬರೆದೆ:
ಎರಡು ಓರೆ ಗೆರೆ, ತುದಿಯಲ್ಲೊಂದು ಬಟ್ಟಲು.
ಹೊಟ್ಟೆಯೊಳಗೆ ಕೆಂಪು ಬೇಕಿತ್ತು. ಕೆಂಪು ಸೀಮೆಸುಣ್ಣ
ಮುಗಿದು ತಿಂಗಳಾಗಿದೆ. "ಕೆಂಪು ಅಂದುಕೊಳ್ಳಿ," ಅಂದೆ.

ನಲವತ್ತೆಂಟು ಮಕ್ಕಳು ಅಂದುಕೊಂಡರು.
ಕಷ್ಟವೇನಿಲ್ಲ ಅವರಿಗೆ. ಕರೆಂಟು ಹೋದ ರಾತ್ರಿ
ಮೋಡದ ಅಡಿ ಕೆಂಪಾಗುವುದನ್ನು
ನೋಡುತ್ತ ನೋಡುತ್ತ ನಿದ್ದೆಹೋಗುವವರು.

ಭೂಮಿಯೊಳಗೆ ಕಲ್ಲು ಕರಗಿ ರಸವಾಗಿದೆ,
ದಾರಿ ಸಿಕ್ಕರೆ ಮೇಲೇರುತ್ತದೆ, ಅನ್ನುತ್ತದೆ ಪುಸ್ತಕ.
"ಗಂಜಿ ಕುದಿವಾಗ ಮುಚ್ಚಳ ಯಾಕೆ ಕುಣಿಯುತ್ತೆ?" ಅಂತ ನಾನು.
"ಅದಕ್ಕೆ ಸಿಟ್ಟು!" ಮುಂದಿನ ಹಲ್ಲಿಲ್ಲದ ನ್ಜಿಗಿರೆ.
ಸಿಟ್ಟಲ್ಲ ಮಗಳೇ. ಬೆಟ್ಟಕ್ಕೆ ಸಿಟ್ಟೂ ತಿಳಿಯದು, ಕನಿಕರವೂ ತಿಳಿಯದು,
ನಮ್ಮ ಹೆಸರೇ ತಿಳಿಯದು ಅದಕ್ಕೆ.
ತರಗತಿ ಯಾಕೋ ಸುಮ್ಮನಾಯಿತು.
ಏಳು ವರ್ಷದವರ ಮುಂದೆ ಹಾಗನ್ನಬಾರದಿತ್ತೇನೋ.

ಪಲುಕು ಎದ್ದು ನಿಂತ:
"ಮ್ವಾಲಿಮು, ಈ ಚಿತ್ರದಲ್ಲಿ ನಮ್ಮ ಶಾಲೆ ಎಲ್ಲಿ?"

ಇರಲಿಲ್ಲ. ಪುಸ್ತಕ ಬರೆದವರು ದೂರದವರು,
ಬೆಟ್ಟ ಮುಗಿದಲ್ಲಿಗೆ ಪುಟ ಮುಗಿಸಿದ್ದರು.

ಬೆಂಚು ಸರಿಸಿ, ಅಂದೆ. ಅಂಗೈ ನೆಲಕ್ಕಿಡಿ.
ಕಪ್ಪು, ಒರಟು, ಮೈತುಂಬ ಸಣ್ಣ ಸಣ್ಣ ತೂತು.
ಈ ತೂತೆಲ್ಲ ಆರುವ ಮುಂಚೆ ಅದು ಬಿಟ್ಟ ಉಸಿರು.
ಇದರ ಕೆಳಗೆ ಇನ್ನೊಂದು ತರಗತಿ ಇದೆ.
ಆಗ ಈ ಕೋಣೆ ಮಹಡಿ, ದೊಡ್ಡವರಿಗೆ ಮಾತ್ರ.
ನಾನು ಕೆಳಗೆ, ಕಿಟಕಿ ಪಕ್ಕ, ಮೂರನೇ ಬೆಂಚು.
ಮೆಟ್ಟಿಲು ಹತ್ತುವುದೇ ದೊಡ್ಡ ಆಸೆ ನನಗೆ.
ಒಂದು ಜನವರಿ ಬೆಟ್ಟವೇ ಬೀದಿಗಿಳಿದು ಬಂತು,
ನೆಲವನ್ನು ಮಹಡಿಯ ತನಕ ಎತ್ತಿಕೊಟ್ಟಿತು.

ನಲವತ್ತೆಂಟು ಕಿವಿ ನೆಲಕ್ಕೆ.
"ಅಲ್ಲಿ ಈಗ ಹಾಜರಿ ಯಾರು ಕರೀತಾರೆ?" ಅಂದಳು ಫೈದಾ.
ಮಸಿಕಾಳ ಹೆಸರು ನಾಲಿಗೆಯ ತನಕ ಬಂತು.
ನುಂಗಿದೆ.

ಬರೆದುಕೊಳ್ಳಿ, ಅಂದೆ. ಇದು ಪುಸ್ತಕದಲ್ಲಿಲ್ಲ.
ತಗ್ಗಿನಲ್ಲಿ ಹುಲ್ಲು ಸುಟ್ಟಂತಿದ್ದು, ಹಕ್ಕಿ ಸತ್ತು ಬಿದ್ದಿದ್ದರೆ
ಅಲ್ಲಿ ಮಜುಕು ಮಲಗಿದೆ ಅಂತ ತಿಳಿಯಿರಿ.
ಬಣ್ಣವಿಲ್ಲ, ವಾಸನೆಯಿಲ್ಲ, ಕೆಟ್ಟ ಗಾಳಿ;
ಮೊದಲು ಮೇಕೆಯನ್ನು ಮಲಗಿಸುತ್ತದೆ,
ಆಮೇಲೆ ಮೇಕೆ ಹುಡುಕಿ ಹೋದವನನ್ನು.
ಚೆಂಡು ಬಿದ್ದರೆ ಹೋಗಲಿ ಚೆಂಡು.
"ಹೊಸದು ಯಾರು ಕೊಡಿಸ್ತಾರೆ?" ಬಿಸಿಮ್ವ.
ನಾನು, ಅಂದೆ. ಸಂಬಳ ಬಂದು ಮೂರು ತಿಂಗಳಾಗಿದೆ.
ಇರಲಿ, ಆಡಿದ ಮಾತು ಆಡಿದ್ದೇ.

ಲಾರಿಯ ಹಳೇ ಚಕ್ರಕ್ಕೆ ಯಾರೋ ಕಲ್ಲಿನಿಂದ ಬಡಿದರು.
ಆ ಕಲ್ಲೂ ಬೆಟ್ಟದ್ದೇ; ಗೋಡೆಯೂ, ಬೇಲಿಯೂ,
ಹೊರಗೆ ಚುಕುಡುವಿನ ಮೇಲೆ ಸಾಗುವ ಹೊರೆಯೂ.
ಬಟ್ಟೆ ತಗೊಂಡು ಹಲಗೆ ಒರೆಸಿದೆ.
ಬೆಟ್ಟ ಪೂರ್ತಿ ಹೋಗಲಿಲ್ಲ, ಮಸುಕಾಗಿ ನಿಂತೇ ಇತ್ತು.
ಅದರ ಮೇಲೇ ಮುಂದಿನ ಲೆಕ್ಕ ಬರೆದೆ:
ಎಂಟಕ್ಕೆ ಏಳು ಕೂಡಿದರೆ?

ಪಲುಕು ಕೈಯೆತ್ತಲಿಲ್ಲ. ಬೆಂಚಿನಡಿ ಕೂತು
ಹಿಮ್ಮಡಿಯಿಂದ ನೆಲಕ್ಕೆ ಮೆಲ್ಲಗೆ ತಟ್ಟುತ್ತಿದ್ದ,
ಹದಿನೈದು ಸಲ.