ಬೆರಳಚ್ಚು

ಚಿಂತಾಮಣಿ ಕೋರ್ಟಿನಲ್ಲಿ ನನ್ನದು ಬೆರಳಚ್ಚಿನ ಕೆಲಸ.
ಹೇಳಿದ್ದನ್ನು ಹೊಡೆಯುವುದು, ಅಷ್ಟೇ.

ಮುದ್ದೆಮಾಲು ನಂಬರ್ ಮೂರು: ಒಂದು ಟವೆಲ್,
ಕೆಂಪು ಅಂಚಿನದು,
ಎತ್ತಿನ ದಲ್ಲಾಳಿ ಮುನಿಶಾಮಪ್ಪನ ಹೆಗಲ ಮೇಲಿದ್ದದ್ದು,
ಕೊನೆಗೆ ಅವನ ಕೊರಳಿಗೇ ಬಿಗಿದದ್ದು.

ಲ್ಯಾಬಿನ ಮೇಡಂ ನೀರು ಕುಡಿದು ಹೇಳಿದರು:
ಗಂಟಿನ ಮೇಲಿನ ಚರ್ಮದ ಕಣ ಪಿಳ್ಳವೆಂಕಟಪ್ಪನದೇ.
ಇನ್ನೊಬ್ಬನದಾಗುವ ಸಂಭವ
ಎಷ್ಟೋ ಕೋಟಿಗೊಂದು.
ಸೊನ್ನೆಗಳನ್ನು ಎಣಿಸಿ ಹೊಡೆದೆ.
ಒಂದು ಹೆಚ್ಚಾಗಿತ್ತು, ಅಳಿಸಿದೆ.

"ಯಾವಾಗ ಬಂತು?" ವಕೀಲರು ಕೇಳಿದರು.
"ಅದು ಗೊತ್ತಾಗುವುದಿಲ್ಲ."
"ಹೇಗೆ ಬಂತು?"
ಮೇಡಂ ಫ್ಯಾನಿನ ಕಡೆ ನೋಡಿದರು.
"ಯಾರದು ಅಂತ ಹೇಳಬಲ್ಲೆ."

ನಮ್ಮಪ್ಪನೂ ಎತ್ತು ಕೊಂಡವನು.
ಟವೆಲ್ ಕೆಳಗೆ ಕೈಗೆ ಕೈ,
ಬೆರಳಿಗೆ ಸಾವಿರ, ಹಿಡಿಗೆ ಐದು,
ಬಾಯಿ ಬಿಡದೆ ಬೆವರಿನಲ್ಲೇ ವ್ಯಾಪಾರ.
ಮನೆಗೆ ಬಂದು ಅದೇ ಕೈಯಲ್ಲಿ
ನನ್ನ ಕೆನ್ನೆ ಹಿಂಡುತ್ತಿದ್ದ.
ಹೆಸರು ಗೊತ್ತಿಲ್ಲದ ಎಷ್ಟು ಜನ
ನನ್ನನ್ನು ಮುದ್ದಿಸಿದರೋ.

ಕಟಕಟೆಯ ಕಂಬಿ ಹಿಡಿದು,
ನಿನ್ನೆ ಇನ್ಯಾವನೋ ಹಿಡಿದಿದ್ದ ಜಾಗದಲ್ಲೇ,
ಪಿಳ್ಳವೆಂಕಟಪ್ಪ ಅಂದ:
"ಆ ಟವೆಲ್‌ನಾಗೆ ಸಂತೆಗೆ ಸಂತೇನೇ ಐತೆ ಸಾಮಿ."
ಸಾಹೇಬರು ಹೇಳಿಸಿದರು, ನಾನು ಹೊಡೆದೆ:
"ಆರೋಪಿಯು ಸದರಿ ಟವೆಲನ್ನು
ಮುಟ್ಟಿರುವುದಾಗಿ ಒಪ್ಪಿರುತ್ತಾನೆ."

ಕೊಂದನೋ ಇಲ್ಲವೋ, ನನಗೂ ತಿಳಿಯದು.
ಹೊರಗೆ ಶಿಡ್ಲಘಟ್ಟದ ಕಡೇ ಬಸ್ಸಿನ ಹಾರನ್ನು.
ಹಾಳೆ ಬಿಸಿಬಿಸಿಯಾಗಿ ಹೊರಬಂತು.
ಸಹಿಗೆಂದು ಎತ್ತಿ ಕೊಟ್ಟೆ.
ಅಂಚಿನಲ್ಲಿ ನನ್ನ ಹೆಬ್ಬೆರಳ ಒದ್ದೆ
ಇನ್ನೂ ಆರುತ್ತಿತ್ತು.