ಮೂಲೆಯಲ್ಲೊಂದು ಹೆಬ್ಬೆರಳು

ಆ ವರ್ಷ ನಮ್ಮ ಮನೆಗೆ ಯಜಮಾನ ಫೋನು.
ಒಂದೇ ಇತ್ತು. ಬಲಮೂಲೆ ಒಡೆದದ್ದು,
ಸಿಲಿಂಡರಿನ ಅಡಿಗೆ ಬಿದ್ದು.

ಬೆಳಿಗ್ಗೆ ಎಂಟರವರೆಗೆ ಇವರದ್ದು.
ಗ್ಯಾಸ್ ಏಜೆನ್ಸಿಯಿಂದ ಲಿಸ್ಟು ಬರಬೇಕು:
ಉಪ್ಪಳ ಪೇಟೆಗೆ ಎಷ್ಟು, ಮಣಿಮುಂಡಕ್ಕೆ ಎಷ್ಟು,
ಯಾವ ಓಣಿಗೆ ಇವತ್ತು ಬಿದಿರು ಅಡ್ಡ ಕಟ್ಟಿದ್ದಾರೆ.
ಅದನ್ನು ಅತ್ತೆಯ ಬೀಡಿ ಪುಸ್ತಕದ ಖಾಲಿ ಹಾಳೆಯಲ್ಲಿ ಬರೆದುಕೊಂಡು,
ಗುಂಡಿ ಒತ್ತುವ ಹಳೆಯ ಫೋನು ಕಿಸೆಗೆ ತುರುಕಿ
ಟೆಂಪೋ ಹತ್ತುವರು.

ಖಾಲಿ ಹಾಳೆಗೇನು ಬರ?
ತಲಪಾಡಿಯ ಆಚೆಯಿಂದ ಎಲೆ ಬಾರದೆ
ಅತ್ತೆಯ ಮೊರ ತಿಂಗಳುಗಟ್ಟಲೆ ಬರಿದು.
ಈಗ ಅದರ ತುಂಬ ಮೂವರ ಪುಸ್ತಕ.

ಒಂಬತ್ತಕ್ಕೆ ನಿಖಿತಾ. ಹತ್ತನೇ ಕ್ಲಾಸು,
ಮೊದಲ ಹಕ್ಕು ಅವಳದ್ದೆಂದು ಅತ್ತೆಯ ತೀರ್ಪು.
ಹತ್ತೂವರೆಗೆ ತೇಜಸ್. ಅವನಿಗೆ ನೆಟ್‌ವರ್ಕ್ ಸಿಗುವುದು
ಬಾವಿಕಟ್ಟೆಯ ಹಿಂದೆ, ಯಾರಿಗೂ ಕಾಣದ ಜಾಗದಲ್ಲಿ ಮಾತ್ರ.
ನಡುವೆ ನನ್ನ ಗಿರಾಕಿಗಳು:
ಅಕ್ಕಾ, ನೂರು ಮಾಸ್ಕು, ನಾಳೆಗೆ ಆದೀತಾ?
ರವಕೆ ಹೊಲಿಸುವವರು ಯಾರೂ ಇಲ್ಲ,
ಇಪ್ಪತ್ತೇ ಜನರ ಮದುವೆಗೆ ಯಾರಿಗೆ ಬೇಕು ಹೊಸ ರವಕೆ!
ಸಂಜೆ ಧನ್ವಿ. ಒಂದನೇ ಕ್ಲಾಸು.
ಶಾಲೆಯ ಗೇಟು ಕಾಣದೆಯೇ ಶಾಲೆ ಸೇರಿದವಳು.

ಟಿವಿಯಲ್ಲೂ ಕ್ಲಾಸು ಉಂಟು, ಮಲಯಾಳದಲ್ಲಿ.
ಧನ್ವಿ ಅದರೆದುರು ಚಕ್ಕಳಮಕ್ಕಳ ಕೂತು ಕೇಳಿದಳು:
"ಅಮ್ಮಾ, ಇವರ ಪೂಚ್ಚ ಅಂದರೆ ನಮ್ಮ ಪುಚ್ಚೆಯೇ.
ಮತ್ತೆ ಪುಸ್ತಕದಲ್ಲಿ ಯಾಕೆ ಬೆಕ್ಕು?"
ಮಿಷನ್ ತುಳಿಯುತ್ತಲೇ ಹೇಳಿದೆ:
"ನೀನು ಮನೆಯಲ್ಲಿ ಪುಟ್ಟಿ, ಹಾಜರಿಯಲ್ಲಿ ಧನ್ವಿ ಅಲ್ಲವಾ,
ಹಾಗೆಯೇ ಅದಕ್ಕೂ."
ಕಿಟಕಿಯ ಮೇಲಿದ್ದ ಪುಚ್ಚೆ ಯಾವ ಹೆಸರಿಗೂ ತಿರುಗಲಿಲ್ಲ.

ಕನ್ನಡಕ್ಕೆ ಮೈಮೂನಾ ಟೀಚರ್.
ನಮಗೆ ಸಿಕ್ಕಿದ್ದು ಅವರ ಕತ್ತಿನಿಂದ ಮೇಲಷ್ಟೇ.
ಪಾಠದ ಹಿಂದೆ ಅವರ ಮನೆಯ ಕುಕ್ಕರ್ ಕೂಗುವುದು,
ಮೂರನೆಯದಕ್ಕೆ "ಒಂದು ನಿಮಿಷ ಮಕ್ಕಳೇ" ಎಂದು ಅವರು ಮಾಯ.
ನಮ್ಮವಳು ಮೂರರವರೆಗೆ ಎಣಿಸಲು ಕಲಿತದ್ದು ಹಾಗೆ.

ರಾತ್ರಿ ಪಾತ್ರೆ ತೊಳೆದಾದ ಮೇಲೆ ನನ್ನ ಸರದಿ.
ಹೋಮ್‌ವರ್ಕಿನ ಫೋಟೋ ತೆಗೆದು ಕಳಿಸಬೇಕು,
ಪುಟ ಮಗುಚದ ಹಾಗೆ ಎಡಗೈಯಲ್ಲಿ ಒತ್ತಿ ಹಿಡಿದು.
ಒಂದೊಂದು ದಿನ ಕಳಿಸುವ ಮೊದಲೇ ನಿದ್ದೆ,
ಎದೆಯ ಮೇಲೆ ಫೋನು, ಫೋನಿನ ಮೇಲೆ ಬೆಳಗಿನ ಲಿಸ್ಟು.

ಒಮ್ಮೆ ಧನ್ವಿ ಪೆನ್ಸಿಲ್ ಹಿಡಿದೇ ಒರಗಿದಳು.
ಎಬ್ಬಿಸಲು ಮನಸ್ಸಾಗಲಿಲ್ಲ.
"ಈ" ಒಂದು ಪುಟ ನಾನೇ ಬರೆದೆ,
ಸೊಟ್ಟ ಬರಲಿ ಎಂದು ಎಡಗೈಯಲ್ಲಿ.
ಬಂತು, ಮೂರು ನಕ್ಷತ್ರ.
ನಾನೂ ಯಾರಿಗೂ ಹೇಳಲಿಲ್ಲ.

ಡಿಸೆಂಬರಿನಲ್ಲಿ ಒಂದು ಮಧ್ಯಾಹ್ನ ಗೇಟಿನ ಸದ್ದು.
ಶಾಲೆಯ ಕಿಟ್ಟು ಹೊತ್ತ ರಿಕ್ಷಾ. ಅಕ್ಕಿ, ಹೆಸರು, ಕಡಲೆ.
ಇಳಿದವರು ಮಾಸ್ಕಿನೊಳಗಿಂದ ಕರೆದರು: "ಧನ್ವೀ!"
ಸ್ವರ ಸಿಕ್ಕಿತು ಅವಳಿಗೆ. ಓಡಿ ಬಂದು ನಿಂತು,
ಕೆಳಗಿನಿಂದ ಮೇಲಕ್ಕೆ ನೋಡಿ,
ಮತ್ತೆ ಕೆಳಗೆ ನೋಡಿ, ಇಡೀ ಓಣಿಗೆ ಕೇಳುವ ಹಾಗೆ:
"ಅಮ್ಮಾ, ಟೀಚರಿಗೆ ಕಾಲುಂಟು!"

ಅತ್ತೆ ನಕ್ಕು ನಕ್ಕು ಕೆಮ್ಮಿದರು,
ಕೆಮ್ಮಿದ್ದಕ್ಕೆ ಎಲ್ಲರೂ ಎರಡು ಹೆಜ್ಜೆ ಹಿಂದೆ.

ನಾನು ರಿಜಿಸ್ಟರಿಗೆ ಸಹಿ ಹಾಕಲು ಬಗ್ಗಿದೆ,
ಗಾಳಿಗೆ ಹಾರುವ ಪುಟವನ್ನು ಎಡಗೈಯಲ್ಲಿ ಒತ್ತಿದೆ.
ಇಸ್ತ್ರಿ ಸುಟ್ಟ ಕಲೆ, ಉಗುರ ಪಕ್ಕ ಸೂಜಿ ಹೊಕ್ಕ ಗುರುತು.
"ಓ, ನೀವು!" ಅಂದರು ಟೀಚರ್,
"ಜೂನಿನಿಂದ ದಿನಾ ನೋಡುತ್ತೇನೆ ಈ ಬೆರಳು."
ಮತ್ತೆ ಸ್ವರ ತಗ್ಗಿಸಿ, ಮಗು ಕೇಳದ ಹಾಗೆ,
"ಆ ಒಂದು 'ಈ' ಪುಟದಲ್ಲಿ ಮಾತ್ರ
ಇದು ಬಲಗೈಯದ್ದಾಗಿತ್ತು."

ಮಾಸ್ಕಿನ ಹಿಂದೆ ಅವರು ನಕ್ಕರೋ ಏನೋ.
ರಿಕ್ಷಾ ತಿರುಗಿತು, ಅವರಿಗಿನ್ನೂ ಹನ್ನೊಂದು ಮನೆ ಬಾಕಿ.

ಆ ರಾತ್ರಿ ಬೆರಳು ಸರಿಸಿ ಫೋಟೋ ತೆಗೆಯಲು ನೋಡಿದೆ.
ಪುಟ ಮಗುಚಿಕೊಂಡಿತು.
ಮತ್ತೆ ಇಟ್ಟೆ.